ಡಿವಿಆರ್, ರೂಟರ್, ಯುಪಿಎಸ್ ಬಿಸಿಯಾಗ್ತಿದೆಯಾ? ತಾಪಮಾನದ ಚಿಪ್ ಹಾಕಿ ನೋಡುವ ಬಗೆ

ಅಂಗಡಿ, ಶಾಲೆ, ಸಣ್ಣ ಆಫೀಸು, ಎಲ್ಲಿ ಹೋದರೂ ಗೋಡೆಯ ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಅದರೊಳಗೆ ಇಂಟರ್ನೆಟ್ ರೂಟರ್, ನೆಟ್‌ವರ್ಕ್ ಸ್ವಿಚ್, ಸಿಸಿಟಿವಿಯ ಡಿವಿಆರ್, ಕೆಳಗೆ ಒಂದು ಯುಪಿಎಸ್. ಬಾಗಿಲಿಗೆ ಬೀಗ. ಒಳಗೆ ಎಷ್ಟು ಬಿಸಿ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಏಪ್ರಿಲ್‌ನಲ್ಲಿ ಡಿವಿಆರ್ ಕೈಕೊಟ್ಟಾಗಲೇ ಬೀಗದ ಕೈ ಹುಡುಕುವುದು. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ ಅಲ್ವಾ?

ಬಿಸಿಗೆ ಸಾಮಾನು ಒಂದೇ ದಿನದಲ್ಲಿ ಸುಟ್ಟುಹೋಗುವುದು ಕಡಿಮೆ. ಅದರ ಆಯಸ್ಸು ಸದ್ದಿಲ್ಲದೆ ಕರಗುತ್ತದೆ. ಪವರ್ ಸಪ್ಲೈಗಳಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಬಿಡಿಭಾಗ, ತಗೊಳ್ಳಿ. ತಾಪಮಾನ 10 ಡಿಗ್ರಿ ಏರಿದರೆ ಅದರ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಇಂಜಿನಿಯರುಗಳು ಎಷ್ಟೋ ವರ್ಷಗಳಿಂದ ಬಳಸುವ ಲೆಕ್ಕ. ಯುಪಿಎಸ್‌ನ ಸೀಸದ ಬ್ಯಾಟರಿಯದ್ದೂ ಅದೇ ಕಥೆ. 25 ಡಿಗ್ರಿಗೆ ಲೆಕ್ಕ ಹಾಕಿದ ಬ್ಯಾಟರಿ 35ರಲ್ಲಿ ಕೂತರೆ ಸುಮಾರು ಅರ್ಧ ಕಾಲಕ್ಕೇ ಮುಗಿಯುತ್ತದೆ. ಕೆಲವು ನೂರು ರೂಪಾಯಿಯ ಚಿಪ್ಪುಗಳು ಮತ್ತು ಅವುಗಳನ್ನು ಓದಲು ಒಂದು ಸಣ್ಣ ಬೋರ್ಡ್ (ಆರ್ಡುಯಿನೋ, ಇಎಸ್‌ಪಿ32, ರಾಸ್ಪ್‌ಬೆರಿ ಪೈ ತರಹದ ಪುಟ್ಟ ಕಂಪ್ಯೂಟರ್) ಇದ್ದರೆ ಇದನ್ನೆಲ್ಲ ಮೊದಲೇ ಕಣ್ಣಿಗೆ ಕಾಣುವಂತೆ ಮಾಡಬಹುದು.

ಒಂದು ಮಾತನ್ನು ಮೊದಲೇ ತಲೆಯಲ್ಲಿಟ್ಟುಕೊಳ್ಳಿ. ತಾಪಮಾನದ ಚಿಪ್ ಅಳೆಯುವುದು ಪೆಟ್ಟಿಗೆಯ ಬಿಸಿಯನ್ನಲ್ಲ, ಬ್ಯಾಟರಿಯ ಬಿಸಿಯನ್ನೂ ಅಲ್ಲ. ತನ್ನೊಳಗಿನ ಸಿಲಿಕಾನ್ ಚೂರು ಎಷ್ಟು ಬಿಸಿಯಾಗಿದೆ ಅನ್ನುವುದನ್ನು ಮಾತ್ರ. ನಿಮಗೆ ಬೇಕಾದ ಜಾಗದ ಬಿಸಿ ಆ ಚೂರಿಗೆ ಸರಿಯಾಗಿ ಮುಟ್ಟುವಂತೆ ಮಾಡುವುದೇ ನಿಜವಾದ ಕೆಲಸ. ಕೋಡು, ವೈರು ಎಲ್ಲ ಆಮೇಲಿನದು.

ಮೊದಲು: ಒಳಗೇ ಇರುವ ಸೆನ್ಸರ್ ನೋಡಿ

ಹೊಸ ಚಿಪ್ ಕೊಳ್ಳುವ ಮುಂಚೆ ಇರುವ ಸಾಮಾನಿನಲ್ಲೇ ಏನಿದೆ ನೋಡಿ. ಹಾರ್ಡ್ ಡಿಸ್ಕ್ ತನ್ನ ತಾಪಮಾನವನ್ನು ತಾನೇ ಹೇಳುತ್ತದೆ. ಕೆಲವು ಡಿವಿಆರ್‌ಗಳ ಮೆನುವಿನಲ್ಲಿ ಡಿಸ್ಕ್ ಆರೋಗ್ಯದ ಪುಟದಲ್ಲಿ ಅದು ಸಿಗುತ್ತದೆ. ಲಿನಕ್ಸ್ ಕಂಪ್ಯೂಟರ್ ಇದ್ದರೆ ಎಲ್ಎಂ-ಸೆನ್ಸರ್ಸ್ ಎಂಬ ತಂತ್ರಾಂಶ ಹಾಕಿ. ಪ್ರೊಸೆಸರ್ ಮತ್ತು ಮದರ್‌ಬೋರ್ಡಿನ ತಾಪಮಾನಗಳು ಸಾಲಾಗಿ ಬರುತ್ತವೆ. ರಾಸ್ಪ್‌ಬೆರಿ ಪೈ ಪ್ರೊಸೆಸರ್ ಒಳಗೂ ಸೆನ್ಸರ್ ಇದೆ. ಅದು 80 ಡಿಗ್ರಿ ಮುಟ್ಟುತ್ತಿದ್ದಂತೆ ಪೈ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಲು ಶುರುಮಾಡುತ್ತದೆ.

ಆದರೆ ಇವು ಹೇಳುವುದು ಆಯಾ ಸಾಮಾನಿನ ಒಳಗಿನ ಬಿಸಿ. ಪೆಟ್ಟಿಗೆಯ ಗಾಳಿ ಹೇಗಿದೆ, ಬ್ಯಾಟರಿ ಹೇಗಿದೆ ಅಂತ ಇವುಗಳಿಂದ ತಿಳಿಯುವುದಿಲ್ಲ. ಅದಕ್ಕೇ ಹೊರಗಿನಿಂದ ಚಿಪ್ ಹಾಕಬೇಕು.

ಎಲ್ಲೆಲ್ಲಿ ಅಳೆಯಬೇಕು

ಒಂದೇ ಸೆನ್ಸರ್ ಹಾಕಿದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ಪೆಟ್ಟಿಗೆಯೊಳಗೆ 44 ಡಿಗ್ರಿ ಅಂತ ಬಂತು ಅಂದುಕೊಳ್ಳಿ. ಅದು ಬೇಸಿಗೆಯಿಂದ ಬಂದದ್ದೋ, ಫ್ಯಾನ್ ನಿಂತುಹೋದದ್ದೋ? ಹೇಳಲು ಆಗುವುದಿಲ್ಲ. ಕನಿಷ್ಠ ಮೂರು ಜಾಗ ಬೇಕು.

ಒಂದು, ಗಾಳಿ ಒಳಗೆ ಬರುವ ಕಡೆ, ಅಂದರೆ ಪೆಟ್ಟಿಗೆಯ ಕೆಳಭಾಗದ ಕಿಂಡಿಯ ಹೊರಗೆ. ಎರಡು, ಗಾಳಿ ಹೊರಗೆ ಹೋಗುವ ಕಡೆ, ಅಂದರೆ ಮೇಲ್ಭಾಗದಲ್ಲಿ ಫ್ಯಾನಿನ ಸ್ವಲ್ಪ ಮುಂಚೆ. ಮೂರು, ಬ್ಯಾಟರಿಯ ಮೈ. ಮೊದಲ ಎರಡರ ವ್ಯತ್ಯಾಸ ಇದೆಯಲ್ಲ, ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಅಂಕಿ ಅದೇ. ಹೊರಗಿನ ಹವೆ ಏರಿದರೆ ಎರಡೂ ಜೊತೆಯಾಗಿ ಏರುತ್ತವೆ, ವ್ಯತ್ಯಾಸ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಧೂಳು ಕಟ್ಟಿದರೆ ಅಥವಾ ಫ್ಯಾನ್ ನಿಧಾನವಾದರೆ ವ್ಯತ್ಯಾಸ ಮಾತ್ರ ಏರುತ್ತದೆ. ಜನವರಿಯಲ್ಲೂ ಮೇನಲ್ಲೂ ಒಂದೇ ಅಳತೆಗೋಲಿನಿಂದ ನೋಡಲು ಇದರಿಂದ ಸಾಧ್ಯವಾಗುತ್ತದೆ.

ಯಾವ ಚಿಪ್?

ತಾಪಮಾನದ ಚಿಪ್ಪುಗಳಲ್ಲಿ ಹಲವು ಬಗೆ ಇವೆ, ಒಳಗಿನ ಕೆಲಸ ಮಾತ್ರ ಬಹುತೇಕ ಒಂದೇ ತರ. ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಚಿಪ್ ಟ್ರಾನ್ಸಿಸ್ಟರಿನ ಈ ಗುಣವನ್ನೇ ಹಿಡಿದು, ಅಳೆದು, ಅಂಕಿ ಮಾಡಿ, ವೈರಿನಲ್ಲಿ ಕಳಿಸುತ್ತದೆ. ಹಳೆಯ ಎಲ್ಎಂ35 ಅಂಕಿಯ ಬದಲು ಡಿಗ್ರಿಗೆ 10 ಮಿಲಿವೋಲ್ಟ್‌ನಂತೆ ವೋಲ್ಟೇಜನ್ನೇ ಹೊರಗೆ ಕೊಡುತ್ತಿತ್ತು. ಯುಪಿಎಸ್ ಪಕ್ಕ ಉದ್ದ ವೈರ್ ಎಳೆದರೆ ಆ ಸಣ್ಣ ವೋಲ್ಟೇಜಿಗೆ ಗದ್ದಲ ಸೇರಿ ಅಂಕಿ ಕುಣಿಯುತ್ತದೆ. ಡಿಜಿಟಲ್ ಚಿಪ್ಪಿಗೆ ಆ ಕಾಟ ಬಹಳ ಕಡಿಮೆ.

ಈ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಡಿಎಸ್18ಬಿ20. ಡಲ್ಲಾಸ್ ಸೆಮಿಕಂಡಕ್ಟರ್ ಮಾಡಿದ ಚಿಪ್. ಆ ಕಂಪನಿ ಮ್ಯಾಕ್ಸಿಮ್ ಕೈಗೆ ಹೋಯಿತು, 2021ರಲ್ಲಿ ಮ್ಯಾಕ್ಸಿಮ್ ಕೂಡ ಅನಲಾಗ್ ಡಿವೈಸಸ್ ಪಾಲಾಯಿತು. ಚಿಪ್ ಮಾತ್ರ ಹಾಗೇ ಉಳಿದಿದೆ. ಒಂದೇ ಡೇಟಾ ವೈರಿನಲ್ಲಿ ಹಲವು ಸೆನ್ಸರ್ ಜೋಡಿಸಬಹುದು. ಪ್ರತಿಯೊಂದಕ್ಕೂ ಕಾರ್ಖಾನೆಯಲ್ಲೇ ಬರೆದ 64 ಬಿಟ್ಟಿನ ಬೇರೆ ಬೇರೆ ಸಂಖ್ಯೆ ಇರುತ್ತದೆ. ಮೈನಸ್ 10ರಿಂದ 85 ಡಿಗ್ರಿವರೆಗೆ ಅರ್ಧ ಡಿಗ್ರಿ ಆಚೀಚೆಯಷ್ಟು ನಿಖರ. ಸ್ಟೀಲ್ ಕೊಳವೆಯೊಳಗೆ ಕೂರಿಸಿದ, ಒಂದು ಮೀಟರ್ ವೈರ್ ಇರುವ ಪ್ರೋಬ್ ಆಗಿಯೂ ಸಿಗುತ್ತದೆ.

ಇನ್ನೊಂದು ಬಳಗ ಎಲ್ಎಂ75ರದ್ದು. ನ್ಯಾಷನಲ್ ಸೆಮಿಕಂಡಕ್ಟರ್ ಶುರುಮಾಡಿದ್ದು. ಈಗ ಇದರ ಜೊತೆ ಹೊಂದುವ ಚಿಪ್ಪುಗಳನ್ನು ಹಲವು ಕಂಪನಿಗಳು ಮಾಡುತ್ತವೆ. ಐ-ಟು-ಸಿ ಎಂಬ ಎರಡು ವೈರಿನ ದಾರಿಯಲ್ಲಿ ಮಾತಾಡುತ್ತದೆ. ಪ್ರತಿ ಚಿಪ್ಪಿಗೂ ಬೇರೆ ಗುರುತು ಕೊಡುವ ಮೂರು ಅಡ್ರೆಸ್ ಕಾಲುಗಳು (ಪಿನ್‌ಗಳು) ಇರುವುದರಿಂದ ಒಂದೇ ದಾರಿಯಲ್ಲಿ ಎಂಟು ಚಿಪ್ ಹಾಕಬಹುದು. ಇದರ ದೊಡ್ಡ ಅನುಕೂಲ ಒಂದು ಅಲಾರಂ ಕಾಲು. ಮಿತಿ ದಾಟಿದ ಕೂಡಲೇ ಆ ಕಾಲಿನ ವೋಲ್ಟೇಜ್ ತಾನಾಗಿ ಕೆಳಗಿಳಿಯುತ್ತದೆ, ಬೋರ್ಡನ್ನು ನಡೆಸುವ ಮೈಕ್ರೋಕಂಟ್ರೋಲರ್ ಹ್ಯಾಂಗ್ ಆಗಿದ್ದರೂ ಸರಿ. ಆದರೆ ಮೂಲ ಎಲ್ಎಂ75 ಹೇಳುವುದು ಅರ್ಧರ್ಧ ಡಿಗ್ರಿಯ ಮೆಟ್ಟಿಲಲ್ಲಿ, ನಿಖರತೆ ಎರಡು ಡಿಗ್ರಿ ಆಚೀಚೆ. ಅದಕ್ಕಿಂತ ಸೂಕ್ಷ್ಮ ಬೇಕಾದರೆ ಎಂಸಿಪಿ9808 ಇದೆ. ಇನ್ನೂ ಬೇಕಾದರೆ ಟಿಎಂಪಿ117, ಮೈನಸ್ 20ರಿಂದ 50 ಡಿಗ್ರಿವರೆಗೆ 0.1 ಡಿಗ್ರಿ ಆಚೀಚೆ. ಪೆಟ್ಟಿಗೆಯ ಗಾಳಿ ನೋಡಲು ಅಷ್ಟೆಲ್ಲ ಬೇಕಿಲ್ಲ. ಸುಮ್ನೆ ದುಡ್ಡು ಹಾಕಬೇಡಿ.

ಉದ್ದ ವೈರ್ ಬೇಕಾದ ಕಡೆ ಡಿಎಸ್18ಬಿ20, ಬೋರ್ಡಿನ ಮೇಲೇ ಕೂರಿಸುವ ಕಡೆ ಎಲ್ಎಂ75. ಐ-ಟು-ಸಿ ಒಂದೇ ಬೋರ್ಡಿನ ಚಿಪ್ಪುಗಳ ನಡುವಿನ ಮಾತಿಗಾಗಿ ಹುಟ್ಟಿದ್ದು. ಅರ್ಧ ಮೀಟರ್ ದಾಟಿದರೆ ತಲೆನೋವು ಶುರು.

ಕೊಳ್ಳುವಾಗ, ಕೊಂಡ ಮೇಲೆ

ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದೆ, ಉಳಿದವರಿಗೆ ಆನ್‌ಲೈನ್. ಎಲ್ಲಿ ಕೊಂಡರೂ ಡಿಎಸ್18ಬಿ20ರಲ್ಲಿ ನಕಲಿ ಬಹಳ. ಅದರಲ್ಲೂ ಅಗ್ಗದ ಸ್ಟೀಲ್ ಪ್ರೋಬ್ ಒಳಗೆ ಅಸಲಿ ಸಿಗುವುದು ಕಷ್ಟ. ನಕಲಿ ಅಂದ ಮಾತ್ರಕ್ಕೆ ಕೆಲಸಕ್ಕೆ ಬಾರದ್ದು ಅಂತಲ್ಲ. ಆದರೆ ಡೇಟಾಶೀಟಿನ, ಅಂದರೆ ತಯಾರಕರ ವಿವರಪತ್ರದ, ಭರವಸೆ ಅದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಪರೀಕ್ಷೆ ಮಾಡಿಯೇ ಹಾಕಬೇಕು.

ಪರೀಕ್ಷೆ ಸುಲಭ. ಐಸನ್ನು ಚೆನ್ನಾಗಿ ಪುಡಿ ಮಾಡಿ. ಥರ್ಮಾಸ್ ಅಥವಾ ದಪ್ಪ ಲೋಟದ ತುಂಬ ಹಾಕಿ, ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಸುರಿಯಿರಿ. ಎಲ್ಲ ಪ್ರೋಬ್‌ಗಳನ್ನೂ ಒಟ್ಟಿಗೆ ಕಟ್ಟಿ ನಡುವಿಗೆ ಇಳಿಸಿ. ತಳಕ್ಕೂ ಅಂಚಿಗೂ ತಾಗಬಾರದು. ಆಗಾಗ ಕಲಕುತ್ತಾ ಹತ್ತು ನಿಮಿಷ ಬಿಡಿ. ಎಲ್ಲವೂ 0ರ ಆಚೀಚೆ ಅರ್ಧ ಡಿಗ್ರಿಯೊಳಗೆ ನಿಲ್ಲಬೇಕು. ಒಂದು 0.3, ಇನ್ನೊಂದು ಮೈನಸ್ 0.2 ತೋರಿಸಿದರೆ ಆ ವ್ಯತ್ಯಾಸವನ್ನು ಬರೆದಿಟ್ಟುಕೊಂಡು ಕೋಡಿನಲ್ಲಿ ಕಳೆಯಬಹುದು. ಎರಡು ಡಿಗ್ರಿ ತಪ್ಪು ತೋರಿಸುವುದನ್ನು ಪಕ್ಕಕ್ಕಿಡಿ.

ಕುದಿಯುವ ನೀರಿನ ಪರೀಕ್ಷೆ ಬೇಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಮಂಗಳೂರಿನಲ್ಲಾದರೆ 100. ಈ ಲೆಕ್ಕ ಗೊತ್ತಿಲ್ಲದೆ ಒಳ್ಳೆಯ ಸೆನ್ಸರನ್ನೇ ಕೆಟ್ಟದ್ದು ಅಂದುಕೊಳ್ಳುವ ಸಾಧ್ಯತೆ ಇದೆ. ಸಾಲದ್ದಕ್ಕೆ 85 ದಾಟಿದ ಮೇಲೆ ಡಿಎಸ್18ಬಿ20ರ ಅರ್ಧ ಡಿಗ್ರಿಯ ಭರವಸೆಯೂ ಇರುವುದಿಲ್ಲ. ಐಸಿನ ಜೊತೆ ಕೋಣೆಯ ಶಾಖದಲ್ಲಿ ಎಲ್ಲವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ನೋಡಿದರೆ ಸಾಕು.

ವೈರ್ ಜೋಡಿಸುವುದು

ಪ್ರೋಬಿನೊಳಗೆ ಕೂರಿಸದ ಬಿಡಿ ಡಿಎಸ್18ಬಿ20 ಕೈಯಲ್ಲಿ ಹಿಡಿಯಿರಿ. ಚಪ್ಪಟೆ ಮುಖ, ಬರಹವಿರುವ ಕಡೆ, ನಿಮ್ಮತ್ತ ಇರಲಿ, ಕಾಲುಗಳು ಕೆಳಗೆ. ಎಡಗಾಲು ಗ್ರೌಂಡ್, ನಡುವಿನದು ಡೇಟಾ, ಬಲಗಾಲು ಪವರ್. ತಿರುಗುಮುರುಗಾದರೆ ಕೆಲವೇ ಕ್ಷಣದಲ್ಲಿ ಬೆರಳು ಸುಡುವಷ್ಟು ಬಿಸಿಯಾಗುತ್ತದೆ. ಕೂಡಲೇ ಕರೆಂಟ್ ತೆಗೆಯಿರಿ. ಪ್ರೋಬ್ ಆದರೆ ಸಾಮಾನ್ಯವಾಗಿ ಕೆಂಪು ಪವರ್, ಕಪ್ಪು ಗ್ರೌಂಡ್, ಹಳದಿ ಡೇಟಾ. ಬಣ್ಣ ಬೇರೆಯೂ ಇರಬಹುದು, ಮಾರುವವರ ಚೀಟಿ ನೋಡಿಯೇ ಜೋಡಿಸಿ.

ಡೇಟಾ ಮತ್ತು ಪವರ್ ನಡುವೆ 4.7 ಕಿಲೋಓಮ್‌ನ ಒಂದು ರೆಸಿಸ್ಟರ್ ಬೇಕು. ಸೆನ್ಸರ್ ಎಷ್ಟೇ ಇದ್ದರೂ ರೆಸಿಸ್ಟರ್ ಒಂದೇ, ಬೋರ್ಡಿನ ಹತ್ತಿರ. ಇದನ್ನು ಬಿಟ್ಟರೆ ಏನೂ ಓದಲು ಬರುವುದಿಲ್ಲ. ಈ ಚಿಪ್ 3ರಿಂದ 5.5 ವೋಲ್ಟ್‌ವರೆಗೆ ನಡೆಯುತ್ತದೆ, ಹಾಗಾಗಿ ಆರ್ಡುಯಿನೋ ಊನೋಗೂ ಸೈ, 3.3 ವೋಲ್ಟಿನ ಇಎಸ್‌ಪಿ32ಗೂ ಸೈ. ಎಲ್ಲ ಚಿಪ್ಪೂ ಹೀಗಲ್ಲ. ಉದಾಹರಣೆಗೆ ಟಿಎಂಪಿ102 ತಡೆಯುವುದು 3.6 ವೋಲ್ಟ್ ಮಾತ್ರ. ಅದಕ್ಕೆ 5 ವೋಲ್ಟ್ ಕೊಡಬೇಡಿ.

ಪವರ್ ವೈರಿಲ್ಲದೆ ಎರಡೇ ವೈರಿನಲ್ಲಿ ನಡೆಸುವ ಉಪಾಯವೂ ಈ ಚಿಪ್ಪಿಗಿದೆ. ಬಳಸಬೇಡಿ. ನಕಲಿಗಳಲ್ಲಿ ಅನೇಕವು ಅದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೂರು ವೈರನ್ನೂ ಎಳೆಯಿರಿ. ಉಳಿದ ನೆಟ್‌ವರ್ಕ್ ಕೇಬಲ್ ಚೂರು ಇದಕ್ಕೆ ಚೆನ್ನಾಗಿ ಆಗುತ್ತದೆ. ಒಂದು ಮುಖ್ಯ ಕೇಬಲ್ ಎಳೆದು, ದಾರಿಯಲ್ಲಿ ಒಂದೊಂದೇ ಸೆನ್ಸರ್ ಸೇರಿಸುತ್ತಾ ಹೋಗಿ. ನಡುವಿನ ಒಂದು ಬಿಂದುವಿನಿಂದ ನಕ್ಷತ್ರದಂತೆ ಎಲ್ಲ ಕಡೆಗೂ ಉದ್ದ ವೈರ್ ಎಳೆದರೆ ಸಿಗ್ನಲ್ ಹಿಂದೆ ಪ್ರತಿಫಲಿಸಿ ಓದು ತಪ್ಪುತ್ತದೆ. 230 ವೋಲ್ಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಲೇಬೇಡಿ.

ಅಂಕಿ ಓದುವುದು

ಆರ್ಡುಯಿನೋದಲ್ಲಿ ಒನ್‌ವೈರ್ ಮತ್ತು ಡಲ್ಲಾಸ್ ಟೆಂಪರೇಚರ್ ಎಂಬ ಎರಡು ಲೈಬ್ರರಿ (ಸಿದ್ಧ ಕೋಡ್) ಹಾಕಿಕೊಳ್ಳಿ, ಅವುಗಳ ಜೊತೆ ಬರುವ ಉದಾಹರಣೆಯೇ ಶುರುವಿಗೆ ಸಾಕು. ರಾಸ್ಪ್‌ಬೆರಿ ಪೈ ಆದರೆ ಸೆಟ್ಟಿಂಗ್ಸ್‌ನಲ್ಲಿ ಈ ಚಿಪ್ ಮಾತಾಡುವ ಒನ್-ವೈರ್ ದಾರಿಯನ್ನು ಆನ್ ಮಾಡಿ, ಡೇಟಾ ವೈರನ್ನು ಜಿಪಿಐಒ 4 ಎಂಬ ಪಿನ್ನಿಗೆ ಕೊಡಿ. ಪ್ರತಿ ಸೆನ್ಸರಿಗೂ 28ರಿಂದ ಶುರುವಾಗುವ ಹೆಸರಿನ ಒಂದು ಫೋಲ್ಡರ್ ಕಾಣುತ್ತದೆ. ಅಲ್ಲಿ 41562 ಅಂತ ಇದ್ದರೆ ಅದು ಡಿಗ್ರಿಯ ಸಾವಿರದ ಭಾಗದಲ್ಲಿ, ಅಂದರೆ 41.562 ಡಿಗ್ರಿ.

ಚಿಪ್ ನಿಜವಾಗಿ ಕಳಿಸುವುದು ಒಂದು ಪೂರ್ಣ ಸಂಖ್ಯೆ. ಅದನ್ನು 16ರಿಂದ ಭಾಗಿಸಬೇಕು. 401 ಬಂದರೆ 25.0625 ಡಿಗ್ರಿ. ಈ ನಾಲ್ಕು ದಶಾಂಶ ನೋಡಿ ಮರುಳಾಗಬೇಡಿ. ಹೇಳುವ ಮೆಟ್ಟಿಲು ಸಣ್ಣದು, ನಿಖರತೆ ಅರ್ಧ ಡಿಗ್ರಿಯೇ. ಪರದೆಯ ಮೇಲೆ ಒಂದು ದಶಾಂಶ ಸಾಕು.

ಎರಡು ಅಂಕಿಗಳನ್ನು ನೆನಪಿಡಿ, 85 ಮತ್ತು ಮೈನಸ್ 127. ಕರೆಂಟ್ ಬಂದ ಕೂಡಲೇ, ಇನ್ನೂ ಅಳೆಯುವ ಮುಂಚೆ, ಡಿಎಸ್18ಬಿ20ರೊಳಗೆ ಇರುವ ಬೆಲೆ 85. 12 ಬಿಟ್ಟಿನಲ್ಲಿ, ಅಂದರೆ ಅತಿ ಸಣ್ಣ ಮೆಟ್ಟಿಲಲ್ಲಿ, ಅಳೆಯಲು ಅದಕ್ಕೆ 750 ಮಿಲಿಸೆಕೆಂಡ್ ವರೆಗೆ ಬೇಕು. ಅಷ್ಟು ಕಾಯದೆ ಓದಿದರೆ, ಅಥವಾ ಪವರ್ ವೈರ್ ಸಡಿಲವಾಗಿ ಚಿಪ್ ಮತ್ತೆ ಮತ್ತೆ ಹೊಸದಾಗಿ ಶುರುವಾಗುತ್ತಿದ್ದರೆ ಸರಿಯಾಗಿ 85.0 ಬರುತ್ತದೆ. ಮೈನಸ್ 127 ಅಂದರೆ ಸೆನ್ಸರ್ ಸಿಗುತ್ತಿಲ್ಲ ಅಂತ ಆರ್ಡುಯಿನೋದ ಡಲ್ಲಾಸ್ ಟೆಂಪರೇಚರ್ ಲೈಬ್ರರಿ ಹೇಳುವ ರೀತಿ. ಇವೆರಡನ್ನೂ ತಾಪಮಾನ ಅಂತ ದಾಖಲಿಸಬಾರದು, ದೋಷ ಅಂತಲೇ ಬರೆಯಬೇಕು.

ಇನ್ನೊಂದು ವಿಷಯ. ಒಂದನೆಯ ಸೆನ್ಸರ್, ಎರಡನೆಯ ಸೆನ್ಸರ್ ಅಂತ ಕ್ರಮಸಂಖ್ಯೆ ಹಿಡಿದು ಓದಬೇಡಿ. ಒಂದು ಕಿತ್ತುಹೋದರೆ ಉಳಿದವು ಸ್ಥಾನ ಬದಲಿಸುತ್ತವೆ, ಬ್ಯಾಟರಿಯ ಬಿಸಿ ಗಾಳಿಯ ಹೆಸರಿನಲ್ಲಿ ದಾಖಲಾಗುತ್ತದೆ. ಒಂದೊಂದೇ ಸೆನ್ಸರ್ ಜೋಡಿಸಿ, ಅದರ 64 ಬಿಟ್ಟಿನ ಸಂಖ್ಯೆ ಬರೆದುಕೊಂಡು, ವೈರಿಗೆ ಚೀಟಿ ಅಂಟಿಸಿ: ಕೆಳಗಾಳಿ, ಮೇಲ್ಗಾಳಿ, ಬ್ಯಾಟರಿ. ಕೋಡಿನಲ್ಲಿ ಆ ಸಂಖ್ಯೆಯಿಂದಲೇ ಕರೆಯಿರಿ.

ಅರ್ಧ ನಿಮಿಷಕ್ಕೊಮ್ಮೆ ಓದಿದರೆ ಬೇಕಾದಷ್ಟಾಯಿತು. ಬಿಡುವಿಲ್ಲದೆ ಅಳೆಯುತ್ತಿದ್ದರೆ ಚಿಪ್ ತನ್ನ ಕೆಲಸದಿಂದಲೇ ಸ್ವಲ್ಪ ಬೆಚ್ಚಗಾಗುತ್ತದೆ.

ಕೂರಿಸುವುದು: ಇಲ್ಲಿ ಅವಸರ ಬೇಡ

ಈ ಚಿಪ್ಪುಗಳಿಗೆ ಬಿಸಿ ಹೆಚ್ಚಾಗಿ ಹರಿದು ಬರುವುದು ಲೋಹದ ಕಾಲುಗಳ ಮೂಲಕ. ಮೇಲಿನ ಕಪ್ಪು ಪ್ಲಾಸ್ಟಿಕ್ ಬಿಸಿಗೆ ಸುಲಭವಾಗಿ ದಾರಿ ಕೊಡುವುದಿಲ್ಲ. ಹಾಗಾಗಿ ಬೋರ್ಡಿಗೆ ಬೆಸೆದ ಎಲ್ಎಂ75 ಹೇಳುವುದು ಬೋರ್ಡಿನ ತಾಮ್ರದ ತಾಪಮಾನವನ್ನು, ಮೇಲೆ ಹಾಯುವ ಗಾಳಿಯದ್ದನ್ನಲ್ಲ. ಪಕ್ಕದಲ್ಲೇ ವೋಲ್ಟೇಜ್ ರೆಗ್ಯುಲೇಟರ್ ಅಥವಾ ವೈಫೈ ಚಿಪ್ ಇದ್ದರೆ ಅದರ ಬಿಸಿಯೇ ನಿಮ್ಮ ಅಂಕಿ ಆಗುತ್ತದೆ. ಗಾಳಿ ಅಳೆಯಬೇಕಾದರೆ ಸೆನ್ಸರನ್ನು ಬೇರೆ ಪುಟ್ಟ ಬೋರ್ಡಿನ ಮೇಲಿಟ್ಟು ತೆಳುವಾದ ವೈರಿನಲ್ಲಿ ದೂರಕ್ಕೆ ತನ್ನಿ. ಪೆಟ್ಟಿಗೆಯ ಕಬ್ಬಿಣದ ಗೋಡೆಗೆ ತಾಗಿಸಬೇಡಿ, ಗಾಳಿಯಲ್ಲಿ ತೂಗಲಿ. ಬಿಸಿಲು ಬೀಳುವ ಜಾಗವೂ ಬೇಡ.

ಬ್ಯಾಟರಿಯ ಮೈ ಬಿಸಿ ಅಳೆಯುವಾಗ ಇದರ ಉಲ್ಟಾ. ಬ್ಯಾಟರಿಯ ಅಗಲ ಪಕ್ಕದ ನಡುಭಾಗ ಒರೆಸಿ, ಚಿಪ್ಪಿನ ಚಪ್ಪಟೆ ಮುಖಕ್ಕೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಚೂರು ಹಚ್ಚಿ, ಒತ್ತಿ, ಶಾಖ ತಡೆಯುವ ಕಪ್ಟಾನ್ ಟೇಪಿನಿಂದ ಅಂಟಿಸಿ. ಕಾಲುಗಳಿಗೆ ಸ್ಲೀವ್ ಹಾಕಿರಬೇಕು. ವೈರನ್ನು ಅಲ್ಲಿಂದ ನೇರ ಹೊರಗೆ ಎಳೆಯದೆ ನಾಲ್ಕೈದು ಸೆಂಟಿಮೀಟರ್ ಬ್ಯಾಟರಿಯ ಮೈಗೇ ತಾಗಿಸಿಕೊಂಡು ಹೋಗಿ ಅಲ್ಲೂ ಒಂದು ಟೇಪ್ ಹಾಕಿ. ಇಲ್ಲದಿದ್ದರೆ ವೈರು ಹೊರಗಿನ ತಂಪನ್ನು ಚಿಪ್ಪಿಗೆ ತಂದು ಅಂಕಿಯನ್ನು ಇಳಿಸುತ್ತದೆ. ಕೊನೆಗೆ ಮೇಲೆ ಒಂದು ತುಂಡು ಫೋಮ್ ಮುಚ್ಚಿ. ಬ್ಯಾಟರಿಯ ಟರ್ಮಿನಲ್‌ಗಳ ಹತ್ತಿರ ಮಾತ್ರ ಹೋಗಬೇಡಿ.

ಎಚ್ಚರದ ಮಾತೊಂದು, ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಯುಪಿಎಸ್ ಅಥವಾ ಪವರ್ ಸಪ್ಲೈ ಬಿಚ್ಚಿ ಒಳಗಿನ ಹೀಟ್‌ಸಿಂಕಿಗೆ ಸೆನ್ಸರ್ ಅಂಟಿಸಬೇಡಿ. ಅಲ್ಲಿನ ಕೆಲವು ಹೀಟ್‌ಸಿಂಕ್‌ಗಳು ನೇರ 230 ವೋಲ್ಟಿನ ಸಂಪರ್ಕದಲ್ಲಿರುತ್ತವೆ. ನೋಡಲು ಬರೀ ಅಲ್ಯುಮಿನಿಯಂ ತುಂಡು, ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಬ್ಯಾಟರಿ ಯುಪಿಎಸ್ ಒಳಗೇ ಇದ್ದರೂ ಬಿಚ್ಚಬೇಡಿ, ಹೊರಗಿನ ಗಾಳಿ ಕಿಂಡಿಯ ಬಳಿ ಅಳೆದರೆ ನಮ್ಮ ಕೆಲಸ ನಡೆಯುತ್ತದೆ.

ಮಿತಿ ಮತ್ತು ಅಲಾರಂ

ಒಂದು ವಾರ ಅಲಾರಂ ಇಲ್ಲದೆ ಸುಮ್ನೆ ದಾಖಲೆ ಮಾತ್ರ ಮಾಡಿ. ಹಗಲು, ರಾತ್ರಿ, ಕರೆಂಟ್ ಹೋಗಿ ಬಂದ ಹೊತ್ತು, ಎಲ್ಲ ಅದರಲ್ಲಿ ಬರಲಿ. ಕರೆಂಟ್ ವಾಪಸ್ ಬಂದ ಮೇಲಿನ ಗಂಟೆಗಳನ್ನು ವಿಶೇಷವಾಗಿ ನೋಡಿ. ಖಾಲಿಯಾದ ಬ್ಯಾಟರಿ ಆಗ ಜೋರಾಗಿ ಚಾರ್ಜ್ ಆಗುತ್ತಾ ಬೆಚ್ಚಗಾಗುತ್ತದೆ. ಅದು ಮಾಮೂಲಿ. ಚಾರ್ಜ್ ಮುಗಿದ ಮೇಲೂ ಇಳಿಯದೆ ಏರುತ್ತಲೇ ಹೋದರೆ ಮಾತ್ರ ಮಾಮೂಲಿಯಲ್ಲ.

ಆಮೇಲೆ ಮಿತಿ ಹಾಕಿ. ಮನೆ ಬಳಕೆಯ ರೂಟರ್, ಸ್ವಿಚ್‌ಗಳ ಕೈಪಿಡಿಯಲ್ಲಿ ಸುತ್ತಲಿನ ಗಾಳಿ 40 ಡಿಗ್ರಿ ಮೀರಬಾರದು ಅಂತ ಸಾಮಾನ್ಯವಾಗಿ ಇರುತ್ತದೆ. ಆ ಗಾಳಿ ಅಂದರೆ ಪೆಟ್ಟಿಗೆಯೊಳಗಿನದು, ಕೋಣೆಯದ್ದಲ್ಲ. ನಿಮ್ಮ ಸಾಮಾನಿನ ಕೈಪಿಡಿಯ ಅಂಕಿಯನ್ನೇ ಮೇಲ್ಗಾಳಿಯ ಮಿತಿ ಮಾಡಿ. ವ್ಯತ್ಯಾಸಕ್ಕೆ ಬೇರೆ ಮಿತಿ. ವಾರದ ದಾಖಲೆಯಲ್ಲಿ ಒಳಹೊರಗಿನ ವ್ಯತ್ಯಾಸ 6 ಡಿಗ್ರಿ ಇದ್ದರೆ, 10 ದಾಟಿದಾಗ ಕೂಗಲಿ.

ಅಲಾರಂ ಆನ್ ಆಗುವ ಅಂಕಿ, ಆಫ್ ಆಗುವ ಅಂಕಿ ಒಂದೇ ಇರಬಾರದು. ಇದ್ದರೆ ಅದೇ ಅಂಕಿಯ ಆಚೀಚೆ ಬಝರ್ ಆನ್ ಆಫ್ ಆಗುತ್ತಾ ಕಾಡುತ್ತದೆ. ಎಲ್ಎಂ75 ಕಾರ್ಖಾನೆಯಿಂದ ಬರುವಾಗಲೇ 80ಕ್ಕೆ ಆನ್, 75ಕ್ಕೆ ಆಫ್ ಅಂತ ಇರುತ್ತದೆ. ಪೆಟ್ಟಿಗೆಯ ಗಾಳಿಗೆ 80 ತೀರಾ ಜಾಸ್ತಿ, ಬದಲಿಸಲೇಬೇಕು. ಕರೆಂಟ್ ಹೋದರೆ ಚಿಪ್ ನಿಮ್ಮ ಬೆಲೆ ಮರೆತು ಮತ್ತೆ 80ಕ್ಕೇ ಹೋಗುತ್ತದೆ. ಆದ್ದರಿಂದ ಬೋರ್ಡ್ ಪ್ರತಿ ಸಲ ಶುರುವಾದಾಗ ಹೊಸ ಬೆಲೆ ಬರೆಯುವಂತೆ ಕೋಡ್ ಇರಲಿ. ಒಂದು ತಪ್ಪು ಓದಿಗೆ ಕೂಗದಂತೆ, ಸತತ 2, 4 ಅಥವಾ 6 ಸಲ ಮಿತಿ ದಾಟಿದರೆ ಮಾತ್ರ ಅಲಾರಂ ಅಂತ ಅದರಲ್ಲೇ ಹೇಳಬಹುದು. ಡಿಎಸ್18ಬಿ20ಕ್ಕೆ ಅಲಾರಂ ಕಾಲು ಇಲ್ಲ, ಅದಕ್ಕೆ ಇದನ್ನೆಲ್ಲ ಕೋಡಿನಲ್ಲೇ ಮಾಡಬೇಕು. ಅಲಾರಂ ಕಾಲಿನಿಂದ ನೇರವಾಗಿ ಫ್ಯಾನ್ ಓಡಿಸಲು ಹೋಗಬೇಡಿ, ಅಷ್ಟು ಕರೆಂಟ್ ಅದು ತಡೆಯುವುದಿಲ್ಲ. ನಡುವೆ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಮಾಸ್‌ಫೆಟ್ ಅಥವಾ ರಿಲೇ ಬೇಕು.

ಮೊಬೈಲಿಗೆ ಮೆಸೇಜ್ ಬರುವಂತೆ ಮಾಡುವವರು ಒಂದು ವಿಷಯ ಯೋಚಿಸಿ. ಬಿಸಿಗೆ ರೂಟರ್ರೇ ಸತ್ತರೆ ಮೆಸೇಜ್ ಹೋಗುವುದು ಹೇಗೆ? ಗಂಟೆಗೊಮ್ಮೆ ಬೋರ್ಡ್ ಹೊರಗಿನ ಸರ್ವರಿಗೆ ತಾನು ಇದ್ದೇನೆ ಅಂತ ತಿಳಿಸುತ್ತಿರಲಿ. ಆ ಸುದ್ದಿ ನಿಂತರೆ ಅದನ್ನೇ ಅಲಾರಂ ಅಂತ ಆ ಸರ್ವರ್ ತಿಳಿಯಬೇಕು. ಜೊತೆಗೆ ಪೆಟ್ಟಿಗೆಯ ಹೊರಗೆ ಕೇಳುವಂತೆ ಒಂದು ಬಝರ್. ಬೋರ್ಡಿನ ಕರೆಂಟನ್ನು ಯುಪಿಎಸ್ ಔಟ್‌ಪುಟ್‌ನಿಂದಲೇ ಕೊಡಿ.

ಅಲಾರಂ ಹೊಡೆದಾಗ

ಮೊದಲು ಮೂರೂ ಅಂಕಿ ಒಟ್ಟಿಗೆ ನೋಡಿ. ಕೆಳಗಾಳಿ ಮೇಲ್ಗಾಳಿ ಎರಡೂ ಏರಿ ವ್ಯತ್ಯಾಸ ಹಾಗೇ ಇದ್ದರೆ ಕೋಣೆಯೇ ಬಿಸಿ. ಕಿಟಕಿ ತೆಗೆಯಿರಿ, ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸುವುದನ್ನು ಯೋಚಿಸಿ. ವ್ಯತ್ಯಾಸ ಏರಿದ್ದರೆ ಫ್ಯಾನ್ ತಿರುಗುತ್ತಿದೆಯೇ, ಕಿಂಡಿಗೆ ಧೂಳು ಕಟ್ಟಿದೆಯೇ ನೋಡಿ. ಬ್ಯಾಟರಿ ಒಂದೇ ಏರಿ, ಉಳಿದೆರಡು ಸರಿ ಇದ್ದರೆ ಅದರ ಮೈ ಉಬ್ಬಿದೆಯೇ ಗಮನಿಸಿ. ಉಬ್ಬಿದ್ದರೆ ಯುಪಿಎಸ್ ಆಫ್ ಮಾಡಿ, ಗೋಡೆಯ ಪ್ಲಗ್ಗಿನಿಂದಲೂ ತೆಗೆದು, ಬ್ಯಾಟರಿಯನ್ನು ನೀವು ಮುಟ್ಟದೆ ಗೊತ್ತಿರುವ ಮೆಕ್ಯಾನಿಕ್ಕನ್ನು ಕರೆಸಿ.

ಧೂಳು ತೆಗೆದಿದ್ದರೆ ಅದೇ ದಿನ ಸಂಜೆ ವ್ಯತ್ಯಾಸವನ್ನು ಮತ್ತೆ ನೋಡಿ. ಹಳೆಯ 6ಕ್ಕೆ ಇಳಿದಿದ್ದರೆ ಸರಿ. 8ರ ಹತ್ತಿರವೇ ನಿಂತಿದ್ದರೆ ಫ್ಯಾನಿನ ಬೇರಿಂಗ್ ಸವೆದು ವೇಗ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಎಣ್ಣೆ ಬಿಟ್ಟು ತಿರುಗಿಸಲು ನೋಡಬೇಡಿ, ಅದೇ ಅಳತೆಯ ಹೊಸ ಫ್ಯಾನ್ ಹಾಕಿ.